ಇಡೀ ಸಿನಿಮಾ ಒಂದೇ ಫೋಟೊದಲ್ಲಿ: ಹಿರೋಶಿ ಸುಗಿಮೊಟೊ ಚಿತ್ರಗಳನ್ನು ನೋಡುವ ಬಗೆ

ಎರಡು ಗಂಟೆಯ ಸಿನಿಮಾ ರೀಲಿನಲ್ಲಿ ಎಷ್ಟು ಚಿತ್ರಗಳಿರುತ್ತವೆ? ಸೆಕೆಂಡಿಗೆ 24ರಂತೆ ಲೆಕ್ಕ ಹಾಕಿದರೆ 1,72,800. ಅಷ್ಟನ್ನೂ ಒಂದೇ ಒಂದು ಫೋಟೊದಲ್ಲಿ ಹಿಡಿದರೆ ಏನು ಕಾಣಬಹುದು? ಹೀರೊ, ವಿಲನ್, ಹಾಡು, ಹೊಡೆದಾಟ ಎಲ್ಲ ಒಂದರ ಮೇಲೊಂದು ಬಿದ್ದು ಗುರುತೇ ಸಿಗದ ಕಲಸುಮೇಲೋಗರ ಆದೀತು ಎಂದು ನಮಗೆ ತೋರುತ್ತದೆ. ಜಪಾನಿನ ಛಾಯಾಗ್ರಾಹಕ ಹಿರೋಶಿ ಸುಗಿಮೊಟೊ 1970ರ ದಶಕದಲ್ಲಿ ಇದನ್ನು ನಿಜವಾಗಿಯೂ ಮಾಡಿ ನೋಡಿದರು. ಅವರಿಗೆ ಸಿಕ್ಕಿದ್ದು ಹೊಳೆಯುವ ಒಂದು ಬಿಳಿ ಪರದೆ. ಅದರ ಮೇಲೆ ಏನೂ ಇಲ್ಲ. ಆದರೆ ಆ ಪರದೆಯ ಬೆಳಕಿನಿಂದಲೇ ಸುತ್ತಲಿನ ಇಡೀ ಚಿತ್ರಮಂದಿರ, ಅದರ ಕಮಾನು, ಕೆತ್ತನೆ, ಸಾಲು ಸಾಲು ಕುರ್ಚಿಗಳ ಸಮೇತ ಮೂಡಿ ನಿಂತಿತ್ತು.

ಈ ಫೋಟೊಗಳು ಇಂದು ಜಗತ್ತಿನ ಹೆಸರಾಂತ ಮ್ಯೂಸಿಯಂಗಳ ಸಂಗ್ರಹದಲ್ಲಿವೆ. ಮೊದಲ ಸಲ ನೋಡುವವರಿಗೆ ‘ಇದರಲ್ಲೇನಿದೆ, ಖಾಲಿ ಪರದೆ ತಾನೇ?’ ಎನಿಸುವುದು ಸಹಜ. ಆ ಪ್ರಶ್ನೆಯನ್ನು ದಡ್ಡತನ ಎಂದು ತಳ್ಳಿಹಾಕಬಾರದು. ಕಲಾ ಛಾಯಾಗ್ರಹಣ ಎಂದು ಕರೆಯುವ ಕೆಲಸ ನಡೆಯುವುದು ಹೇಗೆ, ಅದನ್ನು ನೋಡುವುದು ಹೇಗೆ ಎಂಬುದನ್ನು ಯಾರೂ ನಮಗೆ ಶಾಲೆಯಲ್ಲಿ ಕಲಿಸಿಲ್ಲ. ಸುಗಿಮೊಟೊ ಅವರ ಕೆಲಸವನ್ನು ಹಂತಹಂತವಾಗಿ ಬಿಡಿಸಿ ನೋಡಿದರೆ ಈ ಕಲೆಯ ಒಳಗುಟ್ಟು ಬಹುಮಟ್ಟಿಗೆ ತಿಳಿಯುತ್ತದೆ.

ಪ್ರಶ್ನೆ ಮೊದಲು, ಕ್ಯಾಮೆರಾ ಆಮೇಲೆ

ಪತ್ರಿಕೆಯ ಛಾಯಾಗ್ರಾಹಕರು ಸುದ್ದಿ ನಡೆದ ಕಡೆ ಓಡಬೇಕು. ಮದುವೆಮನೆಯಲ್ಲಿ ಫೋಟೊ ತೆಗೆಯುವವರು ಧಾರೆಯ ಹೊತ್ತಿಗೆ ಮಂಟಪದ ಎದುರಿಗಿರಬೇಕು. ಕಾಡಿಗೆ ಹೋದವರು ಪ್ರಾಣಿ ಬರುವವರೆಗೂ ಕಾಯಬೇಕು. ಇವರ ಕೆಲಸದಲ್ಲೂ ಕಲೆ ಇದೆ, ಕಸುಬುದಾರಿಕೆ ಇದೆ. ಆದರೆ ಚಿತ್ರದ ವಸ್ತು ಅವರಿಗೆ ಹೊರಗಿನಿಂದ ಬರುತ್ತದೆ. ಕಲಾ ಛಾಯಾಗ್ರಾಹಕರಿಗೆ ಹೆಚ್ಚಿನ ಸಲ ಇಂಥದ್ದನ್ನು ತೆಗೆದುಕೊಡಿ ಎಂದು ಯಾರೂ ಹೇಳಿರುವುದಿಲ್ಲ. ಒಂದು ಪ್ರಶ್ನೆ ತಲೆಯಲ್ಲಿ ಹೊಕ್ಕು ಕೂತಿರುತ್ತದೆ. ಯಾವ ಜಾಗ, ಯಾವ ಬೆಳಕು, ಯಾವ ಕ್ಯಾಮೆರಾ, ಎಷ್ಟು ಹೊತ್ತು, ಬಣ್ಣವೋ ಕಪ್ಪುಬಿಳುಪೋ ಎಂಬ ಒಂದೊಂದು ತೀರ್ಮಾನವೂ ಆ ಪ್ರಶ್ನೆಗೆ ತಕ್ಕಂತೆ ಆಗುತ್ತದೆ. ಒಂದೇ ಚಿತ್ರದಿಂದ ಪ್ರಶ್ನೆ ತೀರುವುದೂ ಇಲ್ಲ. ಹೀಗಾಗಿ ಅವರ ಕೆಲಸ ಸರಣಿಗಳಾಗಿ ಬೆಳೆಯುತ್ತದೆ, ಒಂದೊಂದು ಸರಣಿಗೆ ದಶಕಗಳೇ ಹಿಡಿಯುವುದುಂಟು.

ಸುಗಿಮೊಟೊ 1948ರಲ್ಲಿ ಟೋಕಿಯೊದಲ್ಲಿ ಹುಟ್ಟಿದವರು. ಅಲ್ಲಿನ ರಿಕ್ಕ್ಯೊ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿ 1970ರಲ್ಲಿ ಅಮೆರಿಕಕ್ಕೆ ಹೋದರು. ಲಾಸ್ ಏಂಜಲೀಸ್‌ನ ಕಲಾಶಾಲೆಯೊಂದರಲ್ಲಿ ಫೋಟೊಗ್ರಫಿ ಕಲಿತು 1974ರಲ್ಲಿ ನ್ಯೂಯಾರ್ಕಿನಲ್ಲಿ ನೆಲೆಸಿದರು. ಫೋಟೊಗಳಿಂದ ಹೊಟ್ಟೆ ತುಂಬದ ಆ ಕಾಲದಲ್ಲಿ ಜಪಾನಿನ ಹಳೆಯ ಕಲಾವಸ್ತುಗಳ ವ್ಯಾಪಾರವನ್ನೂ ಮಾಡಿದರು. ನೂರಾರು ವರ್ಷ ಹಿಂದಿನ ವಸ್ತುಗಳನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಪರೀಕ್ಷಿಸಿ ಬದುಕಿದ ಈ ಅನುಭವ ಅವರ ಫೋಟೊಗಳಲ್ಲಿ ಎದ್ದು ಕಾಣುತ್ತದೆ. ಅವರ ಸರಣಿಗಳ ವಸ್ತು ಬೇರೆ ಬೇರೆಯಾದರೂ ಅವರನ್ನು ಕಾಡಿದ ಸಂಗತಿ ಒಂದೇ. ಅದು ಕಾಲ.

ಸತ್ತ ಕರಡಿಗೆ ಜೀವ ಬಂದದ್ದು

ನ್ಯೂಯಾರ್ಕಿನ ನೈಸರ್ಗಿಕ ಇತಿಹಾಸದ ಮ್ಯೂಸಿಯಂನಲ್ಲಿ ಗಾಜಿನ ಹಿಂದೆ ಜೋಡಿಸಿಟ್ಟ ದೃಶ್ಯಗಳಿವೆ. ಮುಂದೆ ತೊಗಲು ತುಂಬಿ ನಿಲ್ಲಿಸಿದ ಪ್ರಾಣಿಗಳು, ಹಿಂದೆ ಬೆಟ್ಟ, ಕಾಡು, ಆಕಾಶ ಬಿಡಿಸಿದ ಬಾಗಿದ ಗೋಡೆ. ಎರಡೂ ಕಣ್ಣು ತೆರೆದು ನೋಡಿದರೆ ಇದೆಲ್ಲ ಕಟ್ಟಿದ್ದು ಎಂದು ಕೂಡಲೇ ತಿಳಿದುಬಿಡುತ್ತದೆ. ನ್ಯೂಯಾರ್ಕಿಗೆ ಹೊಸದಾಗಿ ಬಂದಿದ್ದ ಸುಗಿಮೊಟೊ ಅಲ್ಲಿ ಒಂದು ಕಣ್ಣು ಮುಚ್ಚಿ ನೋಡಿದರು. ಆಳದ ಅಳತೆ ಮಾಯವಾಗಿ, ಇಡೀ ದೃಶ್ಯ ಒಮ್ಮೆಗೇ ನಿಜ ಎನಿಸಿತು. ಕ್ಯಾಮೆರಾಕ್ಕೂ ಇರುವುದು ಒಂದೇ ಕಣ್ಣು. ಎಂಥ ಸುಳ್ಳನ್ನಾದರೂ ಫೋಟೊ ತೆಗೆದರೆ ನಿಜದ ಹಾಗೆ ಕಾಣುತ್ತದೆ ಎಂದು ಅವರಿಗೆ ಹೊಳೆದದ್ದು ಆಗ.

1976ರ ‘ಹಿಮಕರಡಿ’ ಚಿತ್ರ ಈ ಸರಣಿಯ ಆರಂಭದ ಕೆಲಸಗಳಲ್ಲೊಂದು. ಮಂಜಿನ ಬಯಲಿನಲ್ಲಿ ಬಿಳಿ ಕರಡಿ ತಾನು ಆಗಷ್ಟೇ ಕೊಂದ ಸೀಲ್ ಪ್ರಾಣಿಯ ಎದುರು ನಿಂತಿದೆ. ಉತ್ತರ ಧ್ರುವಕ್ಕೆ ಹೋಗಿ ತೆಗೆದ ಫೋಟೊ ಎಂದರೆ ಯಾರಾದರೂ ನಂಬುತ್ತಾರೆ. ಈ ನಂಬಿಕೆ ಹುಟ್ಟಿಸಲು ಅವರು ಮಾಡಿದ ತೀರ್ಮಾನಗಳನ್ನು ಗಮನಿಸಿ. ಕಪ್ಪುಬಿಳುಪು ಫಿಲ್ಮ್ ಆದ್ದರಿಂದ ಗೋಡೆಯ ಪೇಂಟಿಗೂ ನಿಜವಾದ ರೋಮಕ್ಕೂ ನಡುವಿನ ಬಣ್ಣದ ವ್ಯತ್ಯಾಸ ಅಳಿಸಿಹೋಯಿತು. ಗಾಜಿನಲ್ಲಿ ಏನೂ ಪ್ರತಿಫಲಿಸದ ಹಾಗೆ ನೋಡಿಕೊಂಡರು. ದೃಶ್ಯದ ಚೌಕಟ್ಟು, ವಿವರದ ಫಲಕ, ಮ್ಯೂಸಿಯಂನ ನೆಲ ಯಾವುದೂ ಚಿತ್ರದೊಳಗೆ ಬರಲಿಲ್ಲ. ಬಿಳಿ ಮಂಜಿನ ಎದುರು ಬಿಳಿ ಕರಡಿಯನ್ನು ಬೇರೆಯಾಗಿ ಕಾಣಿಸುವುದಂತೂ ಪ್ರಿಂಟ್ ಮಾಡುವವರಿಗೆ ಸುಲಭದ ಮಾತಲ್ಲ.

ಫೋಟೊದಲ್ಲಿ ಕಂಡದ್ದೆಲ್ಲ ನಡೆದದ್ದೇ ಎಂಬ ನಮ್ಮ ನಂಬಿಕೆಯನ್ನು ಈ ಚಿತ್ರ ಅಲುಗಾಡಿಸುತ್ತದೆ. ಕಂಪ್ಯೂಟರ್ ಹುಟ್ಟುಹಾಕಿದ ಚಿತ್ರಗಳು ಮೊಬೈಲಿಗೆ ಬಂದು ಬೀಳುತ್ತಿರುವ ಈ ದಿನಗಳಲ್ಲಿ ಅದಕ್ಕೆ ಇನ್ನಷ್ಟು ತೂಕ ಬಂದಿದೆ.

ಥಿಯೇಟರಿನಲ್ಲಿ ಎರಡು ಗಂಟೆ

ಆ ಮ್ಯೂಸಿಯಂನಲ್ಲಿ ಫೋಟೊ ತೆಗೆಯುತ್ತಿದ್ದ ದಿನಗಳ ಒಂದು ಸಂಜೆಯೇ ಸಿನಿಮಾದ ಪ್ರಶ್ನೆಯೂ ಹುಟ್ಟಿತೆಂದು ಸುಗಿಮೊಟೊ ಹೇಳಿಕೊಂಡಿದ್ದಾರೆ. ಇಡೀ ಸಿನಿಮಾವನ್ನು ಒಂದೇ ಫ್ರೇಮಿನಲ್ಲಿ ತೆಗೆದರೆ ಏನಾಗುತ್ತದೆ? ಹೊಳೆಯುವ ಪರದೆ ಸಿಗುತ್ತದೆ ಎಂಬ ಉತ್ತರವೂ ಮನಸ್ಸಿನಲ್ಲೇ ಮೂಡಿತು. ಪರೀಕ್ಷಿಸುವುದಷ್ಟೇ ಬಾಕಿ. ಪ್ರವಾಸಿಯ ವೇಷದಲ್ಲಿ ದೊಡ್ಡ ಕ್ಯಾಮೆರಾ ಹೊತ್ತು ನ್ಯೂಯಾರ್ಕಿನ ಈಸ್ಟ್ ವಿಲೇಜ್ ಬಡಾವಣೆಯ ಅಗ್ಗದ ಥಿಯೇಟರಿಗೆ ನುಗ್ಗಿದರು. ಸಿನಿಮಾ ಶುರುವಾದ ಕೂಡಲೇ ಶಟರ್ ತೆರೆದರು, ಮುಗಿದ ಮೇಲೆ ಮುಚ್ಚಿದರು. ಅದೇ ರಾತ್ರಿ ಫಿಲ್ಮ್ ತೊಳೆದು ನೋಡಿದರೆ ಅಂದುಕೊಂಡದ್ದೇ ಅಲ್ಲಿತ್ತು.

ಅಮೆರಿಕದಲ್ಲಿ 1920–30ರ ದಶಕಗಳಲ್ಲಿ ಅರಮನೆಗಳ ಹಾಗೆ ಕಟ್ಟಿದ ಚಿತ್ರಮಂದಿರಗಳನ್ನು ಆಮೇಲೆ ಹುಡುಕಿಕೊಂಡು ಹೋದರು. 1978ರಲ್ಲಿ ತೆಗೆದ ನ್ಯೂಯಾರ್ಕಿನ ‘ರೇಡಿಯೊ ಸಿಟಿ ಮ್ಯೂಸಿಕ್ ಹಾಲ್’ ಚಿತ್ರವನ್ನು ನೋಡಿ. 1932ರಲ್ಲಿ ಬಾಗಿಲು ತೆರೆದ, ಸುಮಾರು 6,000 ಆಸನಗಳ ಭವನ ಅದು. ವೇದಿಕೆಯನ್ನು ಸುತ್ತುವರಿದು ಚಾವಣಿಯ ಕಮಾನುಗಳು ಒಂದರ ಹಿಂದೊಂದು ಪ್ರೇಕ್ಷಕರ ಕಡೆಗೆ ಚಾಚಿಕೊಂಡಿವೆ. ನಡುವಿನ ಬಿಳಿ ಆಯತದ ಬೆಳಕು ಹತ್ತಿರದ ಕಮಾನಿನ ಅಂಚನ್ನು ಬೆಳಗಿಸಿ, ಮುಂದಿನದಕ್ಕೆ ಬರುವಾಗ ತುಸು ಕುಂದಿ, ಅದರ ಮುಂದಿನದಕ್ಕೆ ಇನ್ನೂ ಕುಂದುತ್ತಾ ಕತ್ತಲಲ್ಲಿ ಕರಗುತ್ತದೆ. ಪ್ರೇಕ್ಷಕರು ಯಾವತ್ತೂ ತಲೆಯೆತ್ತಿ ನೋಡದ ಕಟ್ಟಡ ಇಲ್ಲಿ ನಾಯಕನಾಗಿದೆ. ಅವರು ಕಣ್ಣು ಕೀಲಿಸಿ ಕೂರುತ್ತಿದ್ದ ಕಥೆ ಬರೀ ಬೆಳಕಾಗಿ ಉಳಿದಿದೆ.

1993ರಲ್ಲಿ ಅವರು ಬಯಲಿನಲ್ಲಿ ಕಾರಿನೊಳಗೆ ಕೂತು ಸಿನಿಮಾ ನೋಡುವ ಡ್ರೈವ್‌-ಇನ್ ಥಿಯೇಟರುಗಳನ್ನೂ ತೆಗೆದರು. ಅಲ್ಲಿ ಚಾವಣಿಯ ಬದಲು ತೆರೆದ ಆಕಾಶ. ಶಟರ್ ತೆರೆದಿದ್ದಷ್ಟು ಹೊತ್ತು ಭೂಮಿ ತಿರುಗಿದ್ದರಿಂದ ನಕ್ಷತ್ರಗಳು ಸಣ್ಣ ಗೆರೆಗಳಾಗಿವೆ. ಹಾದುಹೋದ ವಿಮಾನಗಳ ದೀಪಗಳು ಉದ್ದನೆಯ ಗೀರು ಎಳೆದಿವೆ. ಒಳಗಿನ ಥಿಯೇಟರಿನಲ್ಲಿ ಕಾಣದೆ ಉಳಿದ ಕಾಲ ಇಲ್ಲಿ ಕಣ್ಣಿಗೇ ಕಾಣುತ್ತದೆ. ನಂತರದ ವರ್ಷಗಳಲ್ಲಿ ಪಾಳುಬಿದ್ದ ಥಿಯೇಟರುಗಳಿಗೂ ಹೋಗಿ, ಅಲ್ಲಿ ಹೊಸದಾಗಿ ಪರದೆ ಕಟ್ಟಿಸಿ, ಸಿನಿಮಾ ಓಡಿಸಿ, ಅದರ ಬೆಳಕಿನಲ್ಲಿ ಉದುರುತ್ತಿರುವ ಗೋಡೆಗಳನ್ನು ತೆಗೆದಿದ್ದಾರೆ.

ಪರದೆ ಬೆಳ್ಳಗಾಗುವುದು ಯಾಕೆ?

ಫಿಲ್ಮಿನ ಮೇಲೆ ಬೆಳ್ಳಿಯ ಲವಣದ ಸಣ್ಣ ಹರಳುಗಳ ಪದರ ಇರುತ್ತದೆ. ಬೆಳಕು ಬಿದ್ದ ಹರಳುಗಳಲ್ಲಿ ಕಣ್ಣಿಗೆ ಕಾಣದ ಬದಲಾವಣೆ ಆಗುತ್ತದೆ. ರಾಸಾಯನಿಕದಲ್ಲಿ ತೊಳೆದಾಗ ಆ ಹರಳುಗಳು ಕಪ್ಪು ಬೆಳ್ಳಿಯಾಗುತ್ತವೆ. ಹೆಚ್ಚು ಬೆಳಕು ಬಿದ್ದ ಜಾಗ ನೆಗೆಟಿವ್‌ನಲ್ಲಿ ಹೆಚ್ಚು ಕಪ್ಪು, ಪ್ರಿಂಟಿನಲ್ಲಿ ಹೆಚ್ಚು ಬಿಳಿ.

ಫಿಲ್ಮಿನ ಒಂದೊಂದು ಜಾಗವನ್ನೂ ನಲ್ಲಿಯ ಕೆಳಗಿಟ್ಟ ಒಂದೊಂದು ಬಿಂದಿಗೆ ಎಂದುಕೊಳ್ಳಿ. ಪರದೆ ಇರುವ ಕಡೆ ನಲ್ಲಿ ಜೋರಾಗಿ ಸುರಿಯುತ್ತಿದೆ. ಒಂದು ದೃಶ್ಯದಲ್ಲಿ ಹೀರೊನ ಮುಖ ಇದ್ದ ಜಾಗದಲ್ಲಿ ಮರುಕ್ಷಣ ಕಿಟಕಿ, ಆಮೇಲೆ ಆಕಾಶ, ಆಮೇಲೆ ಕತ್ತಲು. ಎರಡು ಗಂಟೆಯಲ್ಲಿ ಎಲ್ಲ ಬಿಂದಿಗೆಗಳಿಗೂ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ನೀರು ಬೀಳುತ್ತದೆ. ತುಂಬಿದ ಬಿಂದಿಗೆಗೆ ಇನ್ನೆಷ್ಟು ಸುರಿದರೂ ಮಟ್ಟ ಹೆಚ್ಚೇನೂ ಏರುವುದಿಲ್ಲ. ಆದ್ದರಿಂದ ಪರದೆಯ ಭಾಗವೆಲ್ಲ ಒಂದೇ ಸಮನೆ ಬಿಳಿ. ಗೋಡೆ, ಕುರ್ಚಿಗಳ ಮೇಲೆ ಬೀಳುವುದು ಪರದೆಯಿಂದ ಚಿಮ್ಮಿದ ಹನಿ ಮಾತ್ರ. ಅದೂ ಹನಿಹನಿಯಾಗಿ ಸೇರಿ ಎರಡು ಗಂಟೆಯಲ್ಲಿ ಬೇಕಾದಷ್ಟಾಗುತ್ತದೆ. ಸಾಮಾನ್ಯ ಫೋಟೊ ತೆಗೆಯುವ ಸೆಕೆಂಡಿನ 125ನೇ ಒಂದು ಭಾಗಕ್ಕೆ ಹೋಲಿಸಿದರೆ ಎರಡು ಗಂಟೆ ಎಂದರೆ ಒಂಬತ್ತು ಲಕ್ಷ ಪಟ್ಟು. ಕಣ್ಣಿಗೆ ಕಾಣದ ಮೂಲೆಯ ಕೆತ್ತನೆಯೂ ಚಿತ್ರದಲ್ಲಿ ಕಾಣುವುದು ಇದರಿಂದ.

ಜನರ ಮಾತು ಬೇರೆ. ಕೂತಲ್ಲೇ ಕೂತರೂ ಎರಡು ಗಂಟೆ ಅಲುಗದೆ ಇರುವವರು ಯಾರು? ಅಲುಗಾಡಿದವರು ಒಂದೇ ಜಾಗದಲ್ಲಿ ಸಾಕಷ್ಟು ಬೆಳಕನ್ನು ಫಿಲ್ಮಿಗೆ ಕಳಿಸಲಾರರು, ಮಸುಕಾಗಿ ಕರಗಿಹೋಗುತ್ತಾರೆ. ಕದಲದ ಕಟ್ಟಡವಷ್ಟೇ ಉಳಿಯುತ್ತದೆ.

ಇನ್ನೊಂದು ತೊಡಕಿದೆ. ಮಂದ ಬೆಳಕಿನಲ್ಲಿ ಬಹಳ ಹೊತ್ತು ತೆರೆದಿಟ್ಟಾಗ ಫಿಲ್ಮ್ ಮೊದಲಿನಷ್ಟು ಚುರುಕಾಗಿ ಕೆಲಸ ಮಾಡುವುದಿಲ್ಲ. ನೂರು ಪಟ್ಟು ಹೊತ್ತು ಕೊಟ್ಟರೆ ನೂರು ಪಟ್ಟು ಪರಿಣಾಮ ಸಿಗುವುದಿಲ್ಲ. ಕೈಪಿಡಿಯ ಲೆಕ್ಕ ಇಲ್ಲಿ ತಪ್ಪುತ್ತದೆ. ಸಿನಿಮಾ ಸಿನಿಮಾಕ್ಕೂ ಬೆಳಕು ಬೇರೆ. ನಗುನಗುತ್ತಾ ಮುಗಿಯುವ ಸಿನಿಮಾಗಳ ಪರದೆ ಹೆಚ್ಚು ಬೆಳಗುತ್ತದೆ, ದುಃಖದ ಕಥೆಗಳದ್ದು ಮಂಕು ಎಂದು ಸುಗಿಮೊಟೊ ಹೇಳಿದ್ದಾರೆ. ಅಂದರೆ ಕಥೆ ಪೂರ್ತಿ ಅಳಿಸಿಹೋಗಿಲ್ಲ, ಬೆಳಕಿನ ಪ್ರಮಾಣವಾಗಿ ಅಲ್ಲೇ ಇದೆ.

ಕಡಲು, ಆಕಾಶ, ನಡುವೆ ಒಂದು ಗೆರೆ

1980ರಲ್ಲಿ ಶುರುವಾದ ‘ಸೀಸ್ಕೇಪ್ಸ್’ ಸರಣಿಯ ಪ್ರಶ್ನೆ ಇನ್ನೂ ದೊಡ್ಡದು. ಆದಿಮಾನವ ಕಂಡ ದೃಶ್ಯವೊಂದನ್ನು ಇವತ್ತಿನ ಮನುಷ್ಯ ಹಾಗೇ ಕಾಣಬಹುದೇ? ನೆಲದ ಮೇಲೆ ಅದು ಕಷ್ಟ. ಕಾಡು ಕಡಿದಿದ್ದೇವೆ, ಹೊಲ ಮಾಡಿದ್ದೇವೆ, ಊರು ಕಟ್ಟಿದ್ದೇವೆ. ನೀರು ಮತ್ತು ಗಾಳಿ ಮಾತ್ರ ನೋಟಕ್ಕೆ ಅಂದಿನಂತೆಯೇ ಇವೆ. ಹಾಗಾಗಿ ಕಡಲು.

ಮುಂದಿನ ತೀರ್ಮಾನಗಳೆಲ್ಲ ಈ ಪ್ರಶ್ನೆಯಿಂದಲೇ ಬಂದವು. ದೋಣಿ, ಹಡಗು, ದಡ, ಮರಳು ಯಾವುದೂ ಚೌಕಟ್ಟಿನೊಳಗೆ ಬರಕೂಡದು. ದಡ ತಪ್ಪಿಸಲು ಎತ್ತರದ ಜಾಗದಲ್ಲಿ ನಿಂತು ತೆಗೆಯಬೇಕು. ಬಣ್ಣ ಬೇಡ. ದಿಗಂತದ ಗೆರೆ ಚಿತ್ರದ ನಟ್ಟನಡುವೆ ಹಾಯಬೇಕು. ಫೋಟೊಗ್ರಫಿ ತರಗತಿಯಲ್ಲಿ ದಿಗಂತವನ್ನು ನಡುವೆ ಇಡಬೇಡಿ, ಮೂರರಲ್ಲಿ ಒಂದು ಭಾಗಕ್ಕೆ ಇಡಿ ಎಂದು ಹೇಳಿಕೊಡುತ್ತಾರೆ. ಸುಗಿಮೊಟೊ ಬೇಕೆಂದೇ ನಡುವೆ ಇಟ್ಟರು. ನೀರಿಗೆ ಅರ್ಧ, ಗಾಳಿಗೆ ಅರ್ಧ, ಯಾವುದಕ್ಕೂ ಮೇಲುಗೈ ಇಲ್ಲ.

ಜಮೈಕಾದಲ್ಲಿ ಕಂಡ ಕೆರಿಬಿಯನ್ ಸಮುದ್ರದಿಂದ ಮೊದಲಾಗಿ, ಜಪಾನಿನ ಸಗಾಮಿ ಕೊಲ್ಲಿ, ಯುರೋಪಿನ ಬಾಲ್ಟಿಕ್ ಸಮುದ್ರ, ಅಮೆರಿಕದ ಸುಪೀರಿಯರ್ ಸರೋವರ ಹೀಗೆ ಹಲವು ಖಂಡಗಳ ನೀರಿನ ಮುಂದೆ ಅವರು ಅದೇ ಚೌಕಟ್ಟು ಹೂಡಿದರು. ಒಂದು ಚಿತ್ರ ನೋಡಿದರೆ ‘ಸರಿ, ಕಡಲು’ ಎನಿಸುತ್ತದೆ. ಹತ್ತು ಚಿತ್ರ ಸಾಲಾಗಿ ನೋಡಿದಾಗ ಕಣ್ಣು ಬೇರೆಯಾಗಿ ಕೆಲಸ ಮಾಡತೊಡಗುತ್ತದೆ. ಒಂದರಲ್ಲಿ ದಿಗಂತ ಕತ್ತರಿಸಿದಷ್ಟು ಚೂಪು. ಇನ್ನೊಂದರಲ್ಲಿ ಮಂಜು ಕವಿದು ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ಹೇಳಲಾಗದು. ಮತ್ತೊಂದು ರಾತ್ರಿಯದು, ಬಹುಪಾಲು ಕಪ್ಪು. ಚೌಕಟ್ಟು ಬದಲಾಗದ್ದರಿಂದಲೇ ಗಾಳಿಯ ತೇವ, ಅಲೆಯ ಗಾತ್ರ, ಬೆಳಕಿನ ಕೋನ ಇವುಗಳ ಸಣ್ಣ ವ್ಯತ್ಯಾಸವೂ ದೊಡ್ಡದಾಗಿ ಕಾಣುತ್ತದೆ.

ಹೆಸರಿಡುವುದರಲ್ಲೂ ಇದೇ ಸಂಯಮ. ಸಮುದ್ರದ ಹೆಸರು, ಜಾಗದ ಹೆಸರು, ಇಸವಿ, ಅಷ್ಟೇ. ‘ಮೌನ’, ‘ಅನಂತ’ ಮುಂತಾದ ಶೀರ್ಷಿಕೆ ಕೊಟ್ಟು ನಮ್ಮ ಭಾವನೆಯನ್ನು ಅವರೇ ಮೊದಲು ಹೇಳಿಬಿಡುವುದಿಲ್ಲ. ಐರ್ಲೆಂಡಿನ ಸಂಗೀತ ತಂಡ ಯು2, 2009ರಲ್ಲಿ ಹೊರತಂದ ಆಲ್ಬಮ್ಮಿನ ಮುಖಪುಟಕ್ಕೆ ಈ ಸರಣಿಯ ‘ಬೋಡನ್ ಸೀ, ಉಟ್‌ವಿಲ್, 1993’ ಚಿತ್ರವನ್ನು ಬಳಸಿಕೊಂಡಿತು. ಸಂಗೀತದ ಮೂಲಕ ಈ ಚಿತ್ರ ಮನೆಮನೆಗೂ ಹೋಯಿತು.

ಸಾವಿರದೊಂದು ಮೂರ್ತಿಗಳ ಬೆಳಗು

ಕಲಾವಿದರ ತಾಳ್ಮೆ ಎಂದರೇನು ಎಂದು ತಿಳಿಯಲು 1995ರ ‘ಸೀ ಆಫ್ ಬುದ್ಧ’ ಸರಣಿ ನೋಡಬೇಕು. ಕ್ಯೋಟೊ ನಗರದ ಸಂಜೂಸಾಂಗೆನ್‌ದೊ ದೇವಾಲಯದಲ್ಲಿ ಸಾವಿರ ಕೈಗಳ ಅವಲೋಕಿತೇಶ್ವರನ 1,001 ಮೂರ್ತಿಗಳು ಸಾಲುಗಟ್ಟಿ ನಿಂತಿವೆ. ಅವು 12 ಮತ್ತು 13ನೇ ಶತಮಾನದವು. ಫೋಟೊ ತೆಗೆಯಲು ಅನುಮತಿ ಸಿಗುವ ಹೊತ್ತಿಗೆ ಏಳು ವರ್ಷ ಕಳೆದಿತ್ತು.

ಅನುಮತಿ ಸಿಕ್ಕ ಮೇಲೆ ಅವರು ಟ್ಯೂಬ್‌ಲೈಟ್ ಆರಿಸಿದರು. ನಂತರದ ಕಾಲದಲ್ಲಿ ಸೇರಿಸಿದ ಅಲಂಕಾರಗಳನ್ನು ಮರೆಮಾಡಿದರು. ನಡುಬೇಸಿಗೆಯಲ್ಲಿ, ಪೂರ್ವದ ಬೆಟ್ಟಸಾಲಿನ ಮೇಲೆ ಸೂರ್ಯ ಹುಟ್ಟಿ ಒಳಗೆ ಬೆಳಕು ಬರುವ ಸಮಯಕ್ಕೆ ಕಾದು ತೆಗೆದರು. ದೇವಾಲಯ ಕಟ್ಟಿಸಿದ ಕಾಲದವರ ಕಣ್ಣಿಗೆ ಇದು ಹೇಗೆ ಕಂಡಿರಬಹುದು ಎಂಬುದು ಅವರ ಪ್ರಶ್ನೆ. ವಿದ್ಯುತ್ ದೀಪ ಇಟ್ಟುಕೊಂಡು ಆ ಪ್ರಶ್ನೆಗೆ ಉತ್ತರ ಸಿಗುತ್ತಿರಲಿಲ್ಲ.

ಉಳಿದ ಸರಣಿಗಳಲ್ಲೂ ವಿಧಾನ ಹೀಗೆಯೇ. 1997ರಿಂದ ಆಧುನಿಕ ಕಟ್ಟಡಗಳನ್ನು ಬೇಕೆಂದೇ ಫೋಕಸ್ ತಪ್ಪಿಸಿ ತೆಗೆದರು. ವಿವರವೆಲ್ಲ ಕರಗಿದ ಮೇಲೂ ಕಟ್ಟಡದ ಆಕಾರ ಗುರುತು ಸಿಕ್ಕರೆ ಅದರ ವಿನ್ಯಾಸ ಗಟ್ಟಿ ಎಂಬುದು ಆ ಪರೀಕ್ಷೆ. 1999ರಲ್ಲಿ ಮೇಡಂ ಟುಸ್ಸಾಡ್ಸ್ ಸಂಗ್ರಹದ ಮೇಣದ ಬೊಂಬೆಗಳನ್ನು ಕಪ್ಪು ಹಿನ್ನೆಲೆಯಲ್ಲಿ ನಿಲ್ಲಿಸಿ, ಹಳೆಯ ಯುರೋಪಿನ ಚಿತ್ರಕಾರರು ಬಳಸುತ್ತಿದ್ದಂಥ ಬೆಳಕು ಕೊಟ್ಟು, 16ನೇ ಶತಮಾನದ ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ ಎದುರಿಗೇ ಬಂದು ನಿಂತನೇನೋ ಎನ್ನುವಂತೆ ತೆಗೆದರು. ‘ಲೈಟ್ನಿಂಗ್ ಫೀಲ್ಡ್ಸ್’ ಸರಣಿಯಲ್ಲಿ ಕ್ಯಾಮೆರಾವನ್ನೇ ಬಿಟ್ಟು, 4,00,000 ವೋಲ್ಟ್ ಹುಟ್ಟಿಸುವ ಯಂತ್ರದಿಂದ ಫಿಲ್ಮಿನ ಮೇಲೆ ನೇರವಾಗಿ ಕಿಡಿ ಹಾರಿಸಿದರು. ಫಿಲ್ಮ್ ತೊಳೆಯುವ ಡಾರ್ಕ್‌ರೂಮಿನಲ್ಲಿ ಸ್ಥಿರ ವಿದ್ಯುತ್ತಿನ ಕಿಡಿ ಹಾರಿ ನೆಗೆಟಿವ್ ಹಾಳಾಗುವುದು ಈ ಕಸುಬಿನವರಿಗೆಲ್ಲ ಗೊತ್ತಿರುವ ಕಾಟ. ಅವರು ಅದನ್ನೇ ಕೆಲಸಕ್ಕೆ ಹಚ್ಚಿಕೊಂಡರು.

ಡಾರ್ಕ್‌ರೂಮಿನ ದುಡಿಮೆ

ಸುಗಿಮೊಟೊ ಬಳಸುವುದು 8×10 ಇಂಚು ಅಳತೆಯ ಫಿಲ್ಮ್ ಹಾಳೆ ಹಾಕುವ, ಟ್ರೈಪಾಡ್ ಮೇಲೆ ನಿಲ್ಲಿಸುವ ದೊಡ್ಡ ಕ್ಯಾಮೆರಾ. ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು, ಹಿಂದಿನ ಉಜ್ಜಿದ ಗಾಜಿನಲ್ಲಿ ತಲೆಕೆಳಗಾಗಿ ಮೂಡುವ ಬಿಂಬವನ್ನು ನೋಡಿ ಫೋಕಸ್ ಮಾಡಬೇಕು. ಒಂದು ಸಲಕ್ಕೆ ಒಂದೇ ಹಾಳೆ. ಹಿಂದೆ ನಾವೆಲ್ಲ ಸ್ಟುಡಿಯೊಗೆ ಕೊಟ್ಟು ತೊಳೆಸುತ್ತಿದ್ದ 35 ಎಂಎಂ ರೀಲಿನ ಒಂದು ಫ್ರೇಮಿಗಿಂತ ಈ ಹಾಳೆಯ ವಿಸ್ತೀರ್ಣ ಸುಮಾರು 60 ಪಟ್ಟು ದೊಡ್ಡದು.

ಇಷ್ಟು ಕಷ್ಟ ಯಾಕೆ? ಅವರ ದೊಡ್ಡ ಪ್ರಿಂಟುಗಳು ಸುಮಾರು ಒಂದೂವರೆ ಮೀಟರ್ ಅಗಲ ಇರುತ್ತವೆ. 8×10 ಹಾಳೆಯಿಂದ ಅಷ್ಟಕ್ಕೆ ಹಿಗ್ಗಿಸಲು ಆರು ಪಟ್ಟು ಸಾಕು. 35 ಎಂಎಂ ಫ್ರೇಮಿನಿಂದಾದರೆ ನಲವತ್ತು ಪಟ್ಟು ಹಿಗ್ಗಿಸಬೇಕು. ಆಗ ಬೆಳ್ಳಿಯ ಕಣಗಳು ದಪ್ಪದಪ್ಪವಾಗಿ ಎದ್ದುಕಂಡು ಸಣ್ಣ ಅಲೆಗಳು ಅವುಗಳಲ್ಲಿ ಮುಚ್ಚಿಹೋಗುತ್ತವೆ. ಕಡಲಿನ ಚಿತ್ರದಲ್ಲಿ ಸಣ್ಣ ಅಲೆ ಕಾಣದಿದ್ದರೆ ಮತ್ತೇನು ಉಳಿಯಿತು?

ನೆಗೆಟಿವ್ ಆದ ಮೇಲೆ ಪ್ರಿಂಟಿನ ಕೆಲಸ. ಬೆಳ್ಳಿ ಪದರದ ಕಾಗದದ ಮೇಲೆ ನೆಗೆಟಿವ್ ಮೂಲಕ ಬೆಳಕು ಹಾಯಿಸಬೇಕು. ಮೊದಲು ಕಾಗದದ ಪಟ್ಟಿಯೊಂದರ ಮೇಲೆ ಬೇರೆ ಬೇರೆ ಹೊತ್ತು ಬೆಳಕು ಕೊಟ್ಟು ಯಾವುದು ಸರಿ ಎಂದು ಪರೀಕ್ಷೆ. ಆಮೇಲೆ ಯಾವ ಭಾಗ ಕಪ್ಪಾಗಬಾರದೋ ಅಲ್ಲಿಗೆ ಕೈಯನ್ನೋ ರಟ್ಟಿನ ತುಂಡನ್ನೋ ಅಡ್ಡ ಹಿಡಿಯಬೇಕು. ಗಾಢವಾಗಬೇಕಾದ ಕಡೆಗೆ ಹೆಚ್ಚು ಹೊತ್ತು ಬೆಳಕು ಬಿಡಬೇಕು. ಕೈ ಒಂದೇ ಕಡೆ ನಿಂತರೆ ಗೆರೆ ಬೀಳುತ್ತದೆ, ಹಾಗಾಗಿ ಸದಾ ಆಡಿಸುತ್ತಿರಬೇಕು. ನಂತರ ಡೆವಲಪರ್, ಸ್ಟಾಪ್ ಬಾತ್, ಫಿಕ್ಸರ್ ಎಂಬ ರಾಸಾಯನಿಕಗಳಲ್ಲಿ ಒಂದಾದ ಮೇಲೊಂದರಂತೆ ಅದ್ದಿ, ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಬೇಕು. ಒಣಗಿದ ಮೇಲೆ ಧೂಳಿನಿಂದ ಬಿದ್ದ ಬಿಳಿ ಚುಕ್ಕೆಗಳನ್ನು ಸಣ್ಣ ಕುಂಚದಿಂದ ತುಂಬಬೇಕು. ಒಂದೇ ನೆಗೆಟಿವ್‌ನಿಂದ ಇಬ್ಬರು ಪ್ರಿಂಟ್ ಮಾಡಿದರೆ ಎರಡು ಬೇರೆ ಚಿತ್ರಗಳೇ ಆಗುತ್ತವೆ.

ಮ್ಯೂಸಿಯಂ ಫಲಕದಲ್ಲಿ ‘ಜೆಲಾಟಿನ್ ಸಿಲ್ವರ್ ಪ್ರಿಂಟ್’ ಎಂದು ಬರೆದಿದ್ದರೆ ಈ ದುಡಿಮೆಯೆಲ್ಲ ಅದರ ಹಿಂದಿದೆ ಎಂದರ್ಥ. ಇಂಥ ಪ್ರಿಂಟುಗಳನ್ನು ಎಷ್ಟು ಬೇಕೋ ಅಷ್ಟು ಮಾಡುವುದಿಲ್ಲ. ಇಂತಿಷ್ಟೇ ಪ್ರತಿ ಎಂದು ಮೊದಲೇ ಗೊತ್ತುಮಾಡಿ, ಅಂಕಿ ಹಾಕಿ, ಸಹಿ ಮಾಡುತ್ತಾರೆ. ಇದಕ್ಕೆ ಎಡಿಷನ್ ಎಂದು ಹೆಸರು. ಸುಗಿಮೊಟೊ ಅವರ ಹಲವು ಚಿತ್ರಗಳಿಗೆ ಸಣ್ಣ ಅಳತೆಯಲ್ಲಿ 25, ದೊಡ್ಡ ಅಳತೆಯಲ್ಲಿ 5 ಪ್ರತಿಗಳ ಎಡಿಷನ್ ಇದೆ.

ಪ್ರಿಂಟಿನ ಮುಂದೆ ನಿಂತಾಗ

ಇಷ್ಟು ತಿಳಿದ ಮೇಲೆ ಯಾವ ಕಲಾ ಛಾಯಾಗ್ರಾಹಕರ ಪ್ರದರ್ಶನಕ್ಕೆ ಹೋದರೂ ನೋಡುವ ಕ್ರಮ ಒಂದಿಷ್ಟು ಸ್ಪಷ್ಟವಾಗುತ್ತದೆ.

ಮೊದಲು ಫಲಕ ಓದಬೇಡಿ, ಚಿತ್ರ ನೋಡಿ. ಬೆಳಕು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಎಲ್ಲಕ್ಕಿಂತ ಬಿಳಿಯ ಜಾಗ ಯಾವುದು, ಎಲ್ಲಕ್ಕಿಂತ ಕಪ್ಪು ಯಾವುದು, ಆ ಕಪ್ಪಿನಲ್ಲೂ ಏನಾದರೂ ಕಾಣುತ್ತಿದೆಯೇ ಎಂದು ನೋಡಿ.

ಆಮೇಲೆ, ಇಲ್ಲಿ ಏನಿಲ್ಲ ಎಂದು ಕೇಳಿಕೊಳ್ಳಿ. ಇಲ್ಲಿ ನೋಡಿದ ಸುಗಿಮೊಟೊ ಚಿತ್ರಗಳಲ್ಲಿ ಜನರಿಲ್ಲ, ಬಣ್ಣವಿಲ್ಲ, ಕಡಲಿಗೆ ದಡವಿಲ್ಲ. ಬಿಟ್ಟದ್ದು ಮರೆತು ಬಿಟ್ಟದ್ದಲ್ಲ ಎಂದು ಗೊತ್ತಾದ ಕೂಡಲೇ ಕಲಾವಿದರ ಪ್ರಶ್ನೆಯ ಜಾಡು ಸಿಗುತ್ತದೆ.

ಎಷ್ಟು ಹೊತ್ತಿನ ಚಿತ್ರ ಇದು ಎಂದು ಊಹಿಸಿ. ಚಲಿಸಬೇಕಾದ್ದು ನಿಂತಿದೆಯೇ, ಮಸುಕಾಗಿದೆಯೇ, ಮಾಯವಾಗಿದೆಯೇ? ಉತ್ತರದಲ್ಲಿ ಶಟರಿನ ಹೊತ್ತು ಅಡಗಿದೆ.

ದೂರದಿಂದ ಒಮ್ಮೆ, ಹತ್ತಿರದಿಂದ ಒಮ್ಮೆ ನೋಡಿ. ಪ್ರಿಂಟಿನ ಅಳತೆಯನ್ನು ಕಲಾವಿದರು ಯೋಚಿಸಿಯೇ ಗೊತ್ತುಮಾಡಿರುತ್ತಾರೆ. ಮೊಬೈಲ್ ಪರದೆಯಲ್ಲಿ ಕಡಲಿನ ಚಿತ್ರ ಎರಡು ಬೂದು ಪಟ್ಟಿಯಷ್ಟೇ.

ಪಕ್ಕದ ಚಿತ್ರಗಳನ್ನೂ ಸೇರಿಸಿ ನೋಡಿ. ಸರಣಿಯಲ್ಲಿ ಏನು ಬದಲಾಗದೆ ಉಳಿದಿದೆ, ಏನು ಬದಲಾಗಿದೆ? ಕೊನೆಗೆ ಫಲಕ ಓದಿ, ನಿಮ್ಮ ಊಹೆಗೆ ತಾಳೆ ಹಾಕಿ.

ಇಷ್ಟೆಲ್ಲ ಮಾಡಿದ ಮೇಲೂ ಚಿತ್ರ ಹಿಡಿಸದಿದ್ದರೆ ಹಾಗೆಂದು ಹೇಳುವ ಹಕ್ಕು ನೋಡುವವರಿಗೆ ಖಂಡಿತ ಇದೆ. ವಿವರಣೆ ಕೇಳಿದ ಮೇಲಷ್ಟೇ ಚೆನ್ನಾಗಿ ಕಾಣುವ ಚಿತ್ರ ಅರ್ಧವಷ್ಟೇ ಗೆದ್ದಿದೆ ಎಂಬುದು ನನ್ನ ಅಭಿಪ್ರಾಯ. ಸುಗಿಮೊಟೊ ಅವರ ಮಸುಕು ಕಟ್ಟಡಗಳು ನನ್ನ ಪಾಲಿಗೆ ಆ ಗುಂಪಿಗೆ ಸೇರುತ್ತವೆ. ಥಿಯೇಟರುಗಳು ಮತ್ತು ಕಡಲು ಮಾತ್ರ, ಹಿಂದಿನ ಕಥೆ ಗೊತ್ತಿಲ್ಲದವರನ್ನೂ ನಿಲ್ಲಿಸುತ್ತವೆ. ಕಥೆ ಗೊತ್ತಾದ ಮೇಲೆ ಇನ್ನೂ ಹೆಚ್ಚು ಹೊತ್ತು ನಿಲ್ಲಿಸುತ್ತವೆ.

ಮನೆಯಲ್ಲೇ ಮಾಡಿ ನೋಡಿ

ಈ ಕೆಲಸದ ರುಚಿ ಗೊತ್ತಾಗಲು ಒಂದು ಸುಲಭದ ಪ್ರಯೋಗವಿದೆ. ಶಟರನ್ನು ಬೇಕಾದಷ್ಟು ಹೊತ್ತು ತೆರೆದಿಡುವ ಬಲ್ಬ್ ಮೋಡ್ ಇರುವ ಯಾವ ಕ್ಯಾಮೆರಾವಾದರೂ ಆದೀತು. ರಾತ್ರಿ ಮನೆಯ ದೀಪ ಆರಿಸಿ, ಟಿವಿ ಎದುರು ಟ್ರೈಪಾಡ್ ಮೇಲೆ ಕ್ಯಾಮೆರಾ ನಿಲ್ಲಿಸಿ. ಟಿವಿಯ ಜತೆ ಸುತ್ತಲಿನ ಗೋಡೆ, ಶೆಲ್ಫು, ಕುರ್ಚಿ ಸಹ ಚೌಕಟ್ಟಿನಲ್ಲಿರಲಿ. ಐಎಸ್‌ಒ 100, ಅಪರ್ಚರ್ ಎಫ್/16 ಅಥವಾ ಎಫ್/22 ಇಟ್ಟುಕೊಳ್ಳಿ. ಫೋಕಸ್ ಮೊದಲೇ ಸರಿಮಾಡಿ ಆಟೊಫೋಕಸ್ ಆಫ್ ಮಾಡಿ. ನಾಲ್ಕು ನಿಮಿಷದ ಒಂದು ಹಾಡು ಹಾಕಿ. ಹಾಡು ಶುರುವಾದಾಗ ಶಟರ್ ತೆರೆಯಿರಿ, ಮುಗಿದಾಗ ಮುಚ್ಚಿ. ಬಟನ್ ಒತ್ತುವಾಗ ಕ್ಯಾಮೆರಾ ಅಲುಗದಂತೆ ರಿಮೋಟ್ ಇದ್ದರೆ ಒಳ್ಳೆಯದು.

ಗೋಡೆ ತೀರ ಕಪ್ಪಾಗಿ ಬಂದರೆ ಅಪರ್ಚರ್ ಇನ್ನಷ್ಟು ತೆರೆಯಿರಿ ಅಥವಾ ಎರಡು ಹಾಡಿನಷ್ಟು ಹೊತ್ತು ಕೊಡಿ. ಎರಡು ಗಂಟೆಯ ಸಿನಿಮಾಕ್ಕೆ ಡಿಜಿಟಲ್ ಕ್ಯಾಮೆರಾವನ್ನು ಒಂದೇ ಸಮನೆ ತೆರೆದಿಡುವುದು ಬೇಡ. ಸೆನ್ಸರ್ ಬಿಸಿಯಾಗಿ ಚಿತ್ರದ ತುಂಬ ಬಣ್ಣದ ಚುಕ್ಕೆಗಳು ಏಳುತ್ತವೆ.

ಕರಾವಳಿಯವರಿಗೆ ಇನ್ನೊಂದು ಪ್ರಯೋಗ. ಮಲ್ಪೆಯೋ, ಕಾರವಾರವೋ, ಯಾವ ಕಡಲತೀರವಾದರೂ ಸರಿ. ಒಂದೇ ಜಾಗ, ಒಂದೇ ಚೌಕಟ್ಟು, ದಿಗಂತ ನಡುವೆ, ದಡ ಬೇಡ, ದೋಣಿ ಬೇಡ, ಕಪ್ಪುಬಿಳುಪು. ಮಳೆಗಾಲದಲ್ಲೊಮ್ಮೆ, ಚಳಿಗಾಲದ ಬೆಳಿಗ್ಗೆ ಒಮ್ಮೆ, ಉರಿಬಿಸಿಲಿನಲ್ಲಿ ಒಮ್ಮೆ, ಹುಣ್ಣಿಮೆಯ ರಾತ್ರಿ ಒಮ್ಮೆ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಮೊಬೈಲ್ ಸಾಕು, ದುಬಾರಿ ಕ್ಯಾಮೆರಾ ಬೇಕಿಲ್ಲ. ಕಟ್ಟುನಿಟ್ಟು ಇದ್ದರೆ ಮಾತ್ರ ಫಲ.

ಮಾಡಿ ನೋಡಿದ ಮೇಲೆ ಬೇರೆಯವರ ಪ್ರಿಂಟುಗಳನ್ನು ನೋಡಲು ನಮ್ಮಲ್ಲೂ ಜಾಗಗಳಿವೆ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಮ್ಯೂಸಿಯಂ ಆಫ್ ಆರ್ಟ್ ಆಂಡ್ ಫೋಟೊಗ್ರಫಿ ತನ್ನ ಹೆಸರಿನಲ್ಲೇ ಫೋಟೊಗ್ರಫಿಗೆ ಕಲೆಯ ಪಕ್ಕದ ಜಾಗ ಕೊಟ್ಟಿದೆ. ಚಿತ್ರಕಲಾ ಪರಿಷತ್ತಿನಲ್ಲೂ ಆಗಾಗ ಫೋಟೊ ಪ್ರದರ್ಶನಗಳು ನಡೆಯುತ್ತವೆ. ಪ್ರದರ್ಶನಕ್ಕೆ ಹೋದಾಗ ನಮ್ಮಲ್ಲಿ ಹೆಚ್ಚಿನವರು ಗೋಡೆಯುದ್ದಕ್ಕೂ ನಡೆಯುತ್ತಾ, ಒಂದೊಂದು ಚಿತ್ರಕ್ಕೂ ಕೆಲವೇ ಸೆಕೆಂಡು ಕೊಟ್ಟು, ಇಷ್ಟವಾದದ್ದನ್ನು ಮೊಬೈಲಿನಲ್ಲಿ ಕ್ಲಿಕ್ಕಿಸಿಕೊಂಡು ಹೊರಬರುತ್ತೇವೆ. ಮುಂದಿನ ಸಲ ಹೋದಾಗ ಮೊಬೈಲ್ ಜೇಬಿನಲ್ಲೇ ಇರಲಿ. ಒಂದೇ ಒಂದು ಚಿತ್ರ ಆರಿಸಿಕೊಂಡು ಅದರ ಮುಂದೆ ಐದು ನಿಮಿಷ ನಿಲ್ಲಿ, ಇದನ್ನು ಮಾಡಿದವರ ಪ್ರಶ್ನೆ ಏನಿತ್ತು ಎಂದು ಕೇಳಿಕೊಳ್ಳಿ. ಒಂದು ಚಿತ್ರಕ್ಕಾಗಿ ಎರಡು ಗಂಟೆ ಶಟರ್ ತೆರೆದು ಕಾದ, ಒಂದು ಅನುಮತಿಗಾಗಿ ಏಳು ವರ್ಷ ಕಾದ ಕಲಾವಿದರಿಗೆ ನಮ್ಮ ಐದು ನಿಮಿಷ ಸಲ್ಲಬೇಕು.